ತಂಗಿ ಕಟ್ಟಡದ ಹಿಂದಿನ ಸಾಲು

ಬ್ರೇಕರ್ ಯಂತ್ರದ ಸದ್ದು ಇದ್ದಕ್ಕಿದ್ದಂತೆ ನಿಂತಾಗ ಸೈಟಿನ ಉಸ್ತುವಾರಿ ಹೊತ್ತಿದ್ದ ಪುಟ್ಟಿ ಶೆಡ್ಡಿನಲ್ಲಿ ಟೀ ಕುಡಿಯುತ್ತಿದ್ದಳು. ಬೆಳಗಿನ ಎಂಟಕ್ಕೆ ಶುರುವಾದರೆ ಊಟದ ಹೊತ್ತಿನ ತನಕ ಉಸಿರು ಬಿಡದ ಯಂತ್ರ ಅದು. ಗಡಿಯಾರ ನೋಡಿದಳು, ಹತ್ತೂ ಕಾಲು. ಡೀಸೆಲ್ ಮುಗಿದಿರಬೇಕು ಎಂದುಕೊಳ್ಳುವಷ್ಟರಲ್ಲಿ ಆಪರೇಟರ್ ಕ್ಯಾಬಿನ್ನಿನಿಂದ ಇಳಿದು ಇವಳ ಕಡೆಗೇ ನಡೆದು ಬರುವುದು ಕಂಡಿತು. ಆತ ಹಾಗೆಲ್ಲ ಇಳಿದು ಬರುವವನಲ್ಲ. ಇಪ್ಪತ್ತು ವರ್ಷದಿಂದ ಕಿವಿಗೆ ಹತ್ತಿ ತುರುಕಿಕೊಂಡು ಗೋಡೆ ಕೆಡವುತ್ತ ಬಂದವನು. ಮಾತಿಗಿಂತ ಕೈಸನ್ನೆಯೇ ಹೆಚ್ಚು. ಈಗ ಹತ್ತಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತ ಬಂದ.

“ಮೇಡಂ, ಒಂದ್ಸಲ ಬಂದು ನೋಡಿ.”

“ಏನಾಯ್ತು? ಪೈಪ್ ಒಡೀತಾ?”

“ನೀವೇ ನೋಡಿ. ನಾನು ಬಾಯಿಬಿಟ್ಟು ಹೇಳೋ ವಿಷಯ ಅಲ್ಲ ಅದು.”

ಅವರು ಕೆಡವುತ್ತಿದ್ದದ್ದು ಅಕ್ಕನನ್ನು. ಒಂದೇ ಕಾಂಪೌಂಡಿನೊಳಗೆ, ನಡುವೆ ಒಂದು ಲಾರಿ ಹೋಗುವಷ್ಟು ಜಾಗ ಬಿಟ್ಟು ನಿಂತಿದ್ದ ಎರಡು ವಸತಿ ಕಟ್ಟಡಗಳಿಗೆ ಊರವರು ಇಟ್ಟ ಹೆಸರು ಅಕ್ಕ, ತಂಗಿ. ಒಂದೇ ನಕ್ಷೆ, ಒಂದೇ ವರ್ಷ, ಒಂದೇ ಕಂಟ್ರಾಕ್ಟರು. ಆ ಕಂಟ್ರಾಕ್ಟರು ಪುಟ್ಟಿಯ ಅಪ್ಪ. ಇಪ್ಪತ್ತಮೂರು ವರ್ಷದ ಹಿಂದೆ ಎರಡನ್ನೂ ಕಟ್ಟಿ ಕೊಟ್ಟಿದ್ದರು. ಈಗ ಮೇಲ್ಸೇತುವೆಯ ಇಳಿಜಾರು ಅಕ್ಕನ ಮೇಲೆ ಹಾದುಹೋಗಬೇಕೆಂದಾದಾಗ ಕೆಡವುವ ಕೆಲಸವೂ ಅವರ ಪಾಲಿಗೇ ಬಂತು. ಅಕ್ಕನ ಮನೆಗಳು ಮೂರು ತಿಂಗಳ ಹಿಂದೆಯೇ ಖಾಲಿಯಾಗಿದ್ದವು. ತಂಗಿಯಲ್ಲಿ ನಲವತ್ತು ಮನೆ, ನಲವತ್ತರಲ್ಲೂ ಜನ.

ಆ ಸುತ್ತಿನಲ್ಲಿ ಅಪ್ಪನ ಕೈ ತಾಗದ ಕೆಲಸವೇ ಇರಲಿಲ್ಲ ಎನ್ನಬೇಕು. ಕಳೆದ ಎರಡು ವರ್ಷದಲ್ಲಿ ಹಳೆಯ ಬಸ್ ನಿಲ್ದಾಣ ಕೆಡವಿ ಹೊಸದು ಕಟ್ಟಿದ್ದರು, ಪಾಳು ಬಿದ್ದ ಚಿತ್ರಮಂದಿರ ನೆಲಸಮ ಮಾಡಿದ್ದರು, ಆಸ್ಪತ್ರೆಗೊಂದು ಹೊಸ ಬ್ಲಾಕು ಎಬ್ಬಿಸಿದ್ದರು. ಗಾರೆ ಕೆಲಸದವರು ಅವರನ್ನು ಬೆನ್ನ ಹಿಂದೆ ‘ರಸಮಟ್ಟ’ ಎನ್ನುತ್ತಿದ್ದರು. ಗೋಡೆಯ ಮೇಲೆ ರಸಮಟ್ಟ ಇಟ್ಟಾಗ ಗುಳ್ಳೆ ಒಂದು ಕೂದಲೆಳೆ ಆಚೆ ನಿಂತರೂ ಆ ಗೋಡೆ ಬಿಚ್ಚಿಸಿ ಮತ್ತೆ ಕಟ್ಟಿಸುವ ಮನುಷ್ಯ. ಅಪ್ಪನ ತಮ್ಮ, ಅಂದರೆ ಚಿಕ್ಕಪ್ಪ, ತದ್ವಿರುದ್ಧ. ಅವನಿದ್ದಲ್ಲಿ ನಗು. ಅಕ್ಕನನ್ನು ಕೆಡವುವ ಮೊದಲ ದಿನ ಹೆಲ್ಮೆಟ್ಟನ್ನು ಎದೆಗೊತ್ತಿಕೊಂಡು, “ಹೆತ್ತೋರೂ ನಾವೇ, ಹೂಳೋರೂ ನಾವೇ, ಅಳೋಕೆ ಮಾತ್ರ ಬಾಡಿಗೆ ಜನ ತರಬೇಕು” ಎಂದಿದ್ದ. ಕೂಲಿಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಮದುವೆಯಾಗದ ಚಿಕ್ಕಪ್ಪ ತಂಗಿಯ ನೆಲಮಹಡಿಯಲ್ಲಿ, ಹಿಂಬದಿಯ ಒಂದು ಮನೆಯಲ್ಲಿ ಒಬ್ಬನೇ ಇದ್ದ. ಮೂವತ್ತನಾಲ್ಕರ ಪುಟ್ಟಿಗೆ ಪುಟ್ಟಿ ಎಂಬ ಹೆಸರು ಅಂಟಿಸಿದವನೂ ಅವನೇ. ಅವಳಿಗೆ ಚಿಕ್ಕಂದಿನಿಂದಲೂ ಅಪ್ಪ ಬಹುವಚನ, ಚಿಕ್ಕಪ್ಪ ಏಕವಚನ.

ಅಕ್ಕನ ಮೇಲಿನ ಮಹಡಿಗಳು ಎಂಟು ದಿನದಲ್ಲಿ ಇಳಿದಿದ್ದವು. ನೆಲಮಹಡಿಯ ಮುಂದಿನ ಸಾಲಿನ ಕಂಬಗಳು ಚೆನ್ನಾಗಿ ಸತಾಯಿಸಿದ್ದವು. ಒಂದೊಂದಕ್ಕೆ ಮುಕ್ಕಾಲು ಗಂಟೆ. ಇವತ್ತು ಹಿಂದಿನ ಸಾಲು.

ಪುಟ್ಟಿ ಧೂಳು ದಾಟಿ ಹೋಗಿ ನೋಡಿದಳು. ಮೊದಲ ಕಂಬ ನಡುವಿಗೆ ಮುರಿದು ಬಿದ್ದಿತ್ತು.

“ಎಷ್ಟು ಹೊತ್ತು ಹಿಡೀತು?”

“ಹೊತ್ತೆಲ್ಲಿ ಬಂತು ಮೇಡಂ. ಮೂತಿ ಇಟ್ಟೆ, ಹೋಯ್ತು.”

ಮುರಿದ ತುದಿಯಿಂದ ಕಂಬಿಗಳು ಹೊರಗೆ ಚಾಚಿದ್ದವು. ಎಣಿಸಿದಳು. ನಾಲ್ಕು. ಮತ್ತೊಮ್ಮೆ ಎಣಿಸಿದಳು, ಎಣಿಸುವುದನ್ನೇ ಮರೆತವಳ ಹಾಗೆ. ನಾಲ್ಕೇ. ನಕ್ಷೆಯಲ್ಲಿ ಇದ್ದದ್ದು ಹೆಬ್ಬೆರಳು ದಪ್ಪದ ಎಂಟು. ಇವು ಕಿರುಬೆರಳಿನಷ್ಟೂ ಇರಲಿಲ್ಲ. ಅವನ್ನು ಹಿಡಿದು ಸುತ್ತಬೇಕಾದ ರಿಂಗುಗಳು ಮೊಳಕ್ಕೊಂದು ಇದ್ದರೆ ಹೆಚ್ಚು. ಒಂದು ತುಂಡು ಕಾಂಕ್ರೀಟನ್ನು ಕೈಗೆತ್ತಿಕೊಂಡು ಹಿಡಿ ಬಿಗಿದಳು. ಅದು ಅವಳ ಮುಷ್ಟಿಯಲ್ಲೇ ಪುಡಿಯಾಯಿತು. ಹಿಡಿಯಲ್ಲಿ ಉಳಿದದ್ದು ಬರೀ ಮರಳು, ನಾಲ್ಕು ಜಲ್ಲಿಕಲ್ಲು.

“ಪಕ್ಕದ್ದು ತೋರಿಸಿ,” ಎಂದಳು. ದನಿ ತನ್ನದೇ ಅನ್ನಿಸಲಿಲ್ಲ.

ಆಪರೇಟರ್ ಹೋಗಿ ಎರಡನೇ ಕಂಬಕ್ಕೆ ಯಂತ್ರದ ಮೂತಿ ತಾಗಿಸಿದ. ಹಲಸಂದೆ ಕಾಯಿ ಮುರಿದ ಹಾಗೆ ಮುರಿಯಿತು. ಮೂರನೆಯದೂ ಅಷ್ಟೇ. ಆತ ಕ್ಯಾಬಿನ್ನಿನಿಂದಲೇ ಅವಳತ್ತ ನೋಡಿದ. ಆಮೇಲೆ, ಅವಳು ನೋಡದೆ ತಪ್ಪಿಸಿಕೊಳ್ಳುತ್ತಿದ್ದ ಕಡೆಗೆ, ಬಟ್ಟೆ ಒಣಗುತ್ತಿದ್ದ ತಂಗಿಯ ಬಾಲ್ಕನಿಗಳ ಕಡೆಗೆ ಕತ್ತು ತಿರುಗಿಸಿದ.



ಹಿಂದಿನ ಸಂಜೆಯಷ್ಟೇ ಅವಳು ತಂಗಿಯೊಳಗೆ ಹೋಗಿ ಬಂದಿದ್ದಳು. ನೆಲಮಹಡಿಯಲ್ಲಿ, ಚಿಕ್ಕಪ್ಪನ ಪಕ್ಕದ ಮನೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಒಬ್ಬ ಟೈಲರಮ್ಮ ಇದ್ದಳು. ಗೋಡೆಯಲ್ಲಿ ಬಿರುಕು ಬಿಟ್ಟಿದೆ, ಬಚ್ಚಲ ಬಾಗಿಲು ಹಾಕಲು ಬರುತ್ತಿಲ್ಲ, ನಿಮ್ಮ ಯಂತ್ರದಿಂದಲೇ ಹೀಗಾಯಿತು ಎಂದು ಜಗಳಕ್ಕೆ ಬಂದಿದ್ದಳು. ಪುಟ್ಟಿ ಬಿರುಕಿನ ಮೇಲೆ ಅಡ್ಡಕ್ಕೆ ಒಂದು ಗಾಜಿನ ಪಟ್ಟಿ ಅಂಟಿಸಿದ್ದಳು. ಗೋಡೆ ಅಲುಗಾಡಿದರೆ ಗಾಜು ಸೀಳುತ್ತದೆ, ಇಲ್ಲದಿದ್ದರೆ ಇಲ್ಲ. “ಏನಿಲ್ಲಮ್ಮಾ, ಬರೀ ಗಾರೆ ಬಿಟ್ಟಿದೆ. ನಿಶ್ಚಿಂತೆಯಾಗಿ ಮಲಗಿ,” ಎಂದೂ ಹೇಳಿ ಬಂದಿದ್ದಳು. ಅವಳಿಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಅಪ್ಪ ಕಟ್ಟಿದ್ದು ತಾನೆ.

ಫೋನು ತೆಗೆದು ಅಪ್ಪನಿಗೆ ಹಚ್ಚಿದಳು. “ಅಪ್ಪಾ, ಎಲ್ಲಿದ್ದರೂ ಈಗಲೇ ಅಕ್ಕನ ಹತ್ರ ಬನ್ನಿ. ಚಿಕ್ಕಪ್ಪನ್ನೂ ಕರ್ಕೊಂಡು ಬನ್ನಿ.”

“ಯಾರಿಗಾದ್ರೂ ಏಟಾಯ್ತಾ?”

“ಇಲ್ಲ. ಇನ್ನೂ ಇಲ್ಲ.”

ಆ ‘ಇನ್ನೂ’ ಎಂಬ ಮಾತು ಯಾಕೆ ಬಂತೆಂದು ಅವಳಿಗೇ ತಿಳಿಯಲಿಲ್ಲ. ಅಪ್ಪ ಫೋನಿಟ್ಟರು.

ಹದಿನೈದು ನಿಮಿಷದಲ್ಲಿ ಇಬ್ಬರೂ ಬಂದರು. ಎಪ್ಪತ್ತೊಂದರ ಅಪ್ಪ ಕೋಲೂರಿ ಕಲ್ಲುಮಣ್ಣಿನ ಗುಡ್ಡೆ ಹತ್ತಿದರು. ಚಿಕ್ಕಪ್ಪ ಹಿಂದೆ ಹಿಂದೆ, “ಏನು ಪುಟ್ಟೀ, ನಿಧಿ ಸಿಕ್ತಾ? ಮೂರು ಪಾಲು ಮಾಡು, ನಂದು ದೊಡ್ಡದಿರಲಿ,” ಎಂದುಕೊಂಡು ಬಂದ. ಮುರಿದ ಕಂಬ ಕಂಡದ್ದೇ ಅವನ ಬಾಯಿಗೆ ಬೀಗ ಬಿತ್ತು.

ಅಪ್ಪ ಬಗ್ಗಿ ಕಂಬಿಯನ್ನು ಮುಟ್ಟಿ ನೋಡಿದರು. ತಿರುಚಿ ನೋಡಿದರು. ಕಾಂಕ್ರೀಟನ್ನು ಉಗುರಿನಿಂದ ಕೆರೆದರು. ಆಮೇಲೆ ಶಾಂತವಾಗಿಯೇ ಹೇಳಿದರು: “ಇದು ನಮ್ಮ ಕೆಲಸ ಅಲ್ಲ. ಯಾರೋ ಆಮೇಲೆ ಕಂಬ ಬದಲಾಯಿಸಿದ್ದಾರೆ.”

“ಮೇಲೆ ಮೂರು ಅಂತಸ್ತು ಇಟ್ಕೊಂಡು ಕೆಳಗಿನ ಕಂಬ ಯಾರಪ್ಪಾ ಬದಲಾಯಿಸ್ತಾರೆ?”

“ಹಾಗಾದ್ರೆ ಹೇಗಮ್ಮಾ? ಎಂಟು ಕಂಬಿ ನಾನೇ ಬರೆದು ಕೊಟ್ಟಿದ್ದು. ಹಾಕಿದ್ದನ್ನ ನಾನೇ ಕಣ್ಣಾರೆ…”

ಅಪ್ಪ ಅಲ್ಲಿಗೆ ನಿಲ್ಲಿಸಿದರು. ಕಣ್ಣಾರೆ ಕಂಡಿರಲಿಲ್ಲ ಎಂಬುದು ಅವರಿಗೆ ಅದೇ ಕ್ಷಣ ನೆನಪಾಗಿರಬೇಕು. ಆ ವರ್ಷ ಅವರು ಅಟ್ಟಣಿಗೆಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂರೂವರೆ ತಿಂಗಳು ಆಸ್ಪತ್ರೆ. ಪುಟ್ಟಿಗೆ ಆಗ ಹನ್ನೊಂದು. ಅವಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದವನು, ಆಸ್ಪತ್ರೆಗೆ ಊಟ ಒಯ್ಯುತ್ತಿದ್ದವನು, ಸೈಟು ನೋಡಿಕೊಂಡವನು ಚಿಕ್ಕಪ್ಪ. ತಳದ ಕಂಬಗಳು ಎದ್ದದ್ದು ಆ ದಿನಗಳಲ್ಲೇ.

ಅಪ್ಪ ನಿಧಾನವಾಗಿ ತಮ್ಮನ ಕಡೆಗೆ ತಿರುಗಿದರು.

ಚಿಕ್ಕಪ್ಪನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. “ಅಣ್ಣಾ,” ಎಂದ. “ತಂಗೀಲಿ ಜನ ಇದ್ದಾರೆ. ಮೊದಲು ಅವರನ್ನ ಇಳಿಸು. ಆಮೇಲೆ ನನ್ನ ಕೊಲ್ಲು.”

ಪುಟ್ಟಿ ಅವನ ಮುಖವನ್ನೇ ನೋಡಿದಳು. ಚಿಕ್ಕಪ್ಪನ ಬಾಯಿಂದ ಮುಂದೆ ಬರುವ ಮಾತು ತಮಾಷೆಯದೇ ಇರಬಹುದು, ಈಗ ನಗುತ್ತಾನೆ, ಈಗ ನಗುತ್ತಾನೆ ಎಂದು ಕಾದಳು. ಅವನು ನಗಲಿಲ್ಲ.

“ಎಷ್ಟು ಕಂಬ?” ಅಪ್ಪ ಕೇಳಿದರು.

“ಅಲ್ಲೂ ಆರು. ಹಿಂದಿನ ಸಾಲು ಪೂರ್ತಿ. ಕಂಬಿ ಲಾರಿ ಬರಲಿಲ್ಲ ಅಣ್ಣಾ, ಇಪ್ಪತ್ತು ದಿನ ಮುಷ್ಕರ. ಗಡುವು ತಪ್ಪಿದ್ರೆ ಕೆಲಸ ಕಿತ್ತುಕೊಂಡು ಬೇರೆಯವರಿಗೆ ಕೊಡ್ತೀವಿ ಅಂತ ಕಾಗದ ಬಂದಿತ್ತು. ನೀನು ಅಲ್ಲಿ ಮಲಗಿದ್ದೆ. ಇದ್ದಿದ್ದನ್ನ ಮುಂದಿನ ಸಾಲಿಗೆ ಹಾಕಿದೆ. ಹಿಂದಿನದಕ್ಕೆ…”

“ಸಿಮೆಂಟು?”

“ಮರಳು ಹೆಚ್ಚಿಸಿ ಅದನ್ನೂ ಎಳೆದೆ.”

ಅಪ್ಪನ ಕೈಯ ಕೋಲು ಮೇಲೆದ್ದಿತು. ಪುಟ್ಟಿ ನಡುವೆ ಬಂದು ಅದನ್ನು ಹಿಡಿದುಕೊಂಡಳು. “ಅಪ್ಪಾ, ಆಮೇಲೆ. ಇದೆಲ್ಲಾ ಆಮೇಲೆ. ಈಗ ಜನ.”

ಆಪರೇಟರ್ ಅಷ್ಟರಲ್ಲಿ ಯಾರ ಅಪ್ಪಣೆಗೂ ಕಾಯದೆ ಎಲ್ಲ ಯಂತ್ರಗಳನ್ನೂ ನಿಲ್ಲಿಸಿದ್ದ, ಲಾರಿಗಳನ್ನು ಗೇಟಿನಾಚೆಗೆ ಕಳಿಸಿದ್ದ. ಅಗ್ನಿಶಾಮಕ ದಳಕ್ಕೆ ಫೋನು ಮಾಡಿದ್ದೂ ಅವನೇ.

ತಂಗಿಯ ಬಾಗಿಲಿಗೆ ಓಡುತ್ತ ಪುಟ್ಟಿಗೆ ಒಂದೊಂದೇ ವಿಷಯ ತಲೆಗೆ ಬರತೊಡಗಿತು. ಐದು ವರ್ಷದ ಹಿಂದೆ ಆ ಕಟ್ಟಡದ ಮಾಲೀಕರ ಸಂಘದವರು ಮೇಲೆ ಇನ್ನೊಂದು ಮಹಡಿ ಏರಿಸಿದ್ದರು. ಬೇರೆ ಕಂಟ್ರಾಕ್ಟರು ಮಾಡಿದ ಕೆಲಸ. ಸಂಘದ ಸಭೆಯಲ್ಲಿ ಎದ್ದು ನಿಂತು ಬೇಡ ಎಂದವನು ಚಿಕ್ಕಪ್ಪ ಒಬ್ಬನೇ. ಯಾಕೆ ಬೇಡ ಎಂದರೆ, ಗಾಳಿ ಬರಲ್ಲ, ಮೇಲಿನವರು ಕುಣಿದರೆ ನಿದ್ದೆ ಬರಲ್ಲ ಎಂದು ಏನೇನೋ ಹೇಳಿದ್ದ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿ, ಮಹಡಿ ಏರಿಸಿದ್ದರು.

ಟೈಲರಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದವಳು ತಲೆಯೆತ್ತಿ, “ಬಂದ್ಯಾ? ನಾಳೆ ಹೇಳಿ ಕಳಿಸೋಣ ಅಂತಿದ್ದೆ. ನೋಡಲ್ಲಿ, ನಿನ್ನ ಗಾಜು,” ಎಂದಳು.

ಗಾಜಿನ ಪಟ್ಟಿ ಬರೀ ಸೀಳಿರಲಿಲ್ಲ. ಎರಡು ತುಂಡಾಗಿ, ಎರಡರ ನಡುವೆ ಬೆರಳು ಹೋಗುವಷ್ಟು ಜಾಗ ಬಿದ್ದಿತ್ತು.

“ಅಮ್ಮಾ, ಏಳಿ. ಹಾಗೇ ಹೊರಗೆ ಬನ್ನಿ.”

“ಇದೊಂದು ಕಾಲರ್ ಮುಗಿಸಿ…”

“ಅಮ್ಮಾ!” ಪುಟ್ಟಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಬಾಯಿಬಾಯಿ ಬಿಡುತ್ತಿದ್ದ ಟೈಲರಮ್ಮನನ್ನು ಗೇಟಿನ ತನಕ ಎಳೆದುಕೊಂಡು ಹೋಗಿ ಬಿಟ್ಟು, ತಿರುಗಿ ಓಡಿದಳು.

ಹಗಲಿನ ಆ ಹೊತ್ತಿನಲ್ಲಿ ಮನೆಯಲ್ಲಿದ್ದವರು ವಯಸ್ಸಾದವರು, ಬಾಣಂತಿಯರು, ರಾತ್ರಿ ಪಾಳಿ ಮುಗಿಸಿ ಮಲಗಿದವರು. ಪುಟ್ಟಿ ಬಾಗಿಲು ಬಡಿಯುತ್ತ ಮೊದಲ ಮಹಡಿ ಹತ್ತಿದಳು. ಯಾರೂ ಮಿಸುಕಾಡಲೊಲ್ಲರು. “ಯಾಕಂತೆ?” “ನೀರು ನಿಲ್ಲಿಸ್ತಾರಾ?” “ಒಲೆ ಮೇಲೆ ಅನ್ನ ಇದೆ, ಹತ್ತು ನಿಮಿಷ ತಡಿ.” ಚಿಕ್ಕಪ್ಪ ಮೆಟ್ಟಿಲ ನಡುವೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ: “ಇಳೀರಿ! ಕಟ್ಟಡ ಬೀಳುತ್ತೆ! ಎಲ್ಲಾ ಬಿಟ್ಟು ಇಳೀರಿ!”

ಜನ ನಕ್ಕರು. ಇದೇ ಮನುಷ್ಯ ಹೋದ ತಿಂಗಳು ಲಿಫ್ಟಿನಲ್ಲಿ ಚಿರತೆ ಸಿಕ್ಕಿಕೊಂಡಿದೆ ಎಂದು ಇಡೀ ಮಹಡಿಯನ್ನು ಓಡಿಸಿದ್ದ. ಎರಡನೇ ಮಹಡಿಯ ಒಬ್ಬಾಕೆ ಮೆಟ್ಟಿಲ ಕಂಬಿಯ ಮೇಲೆ ಬಾಗಿ, “ಇವತ್ತೇನು, ಚಿರತೆ ಮರಿ ಹಾಕ್ತಾ?” ಎಂದು ಕೇಳಿದಳು. ಮತ್ತೆ ನಗು.

ಚಿಕ್ಕಪ್ಪ ಕೂಗುವುದನ್ನು ನಿಲ್ಲಿಸಿದ. ಗೋಡೆಗೆ ಕೈ ಊರಿದ.

“ತಾಯಂದಿರಾ,” ಎಂದ. ಈ ಸಲ ದನಿ ಏರಿಸಲಿಲ್ಲ, ಆದರೂ ಮೇಲಿನ ತನಕ ಕೇಳಿಸಿತು. “ಈ ಕಟ್ಟಡದ ಹಿಂದಿನ ಆರು ಕಂಬದಲ್ಲಿ ಇರಬೇಕಾದ ಕಂಬಿ ಇಲ್ಲ. ಹಾಕದೆ ಇದ್ದೋನು ನಾನು. ಇಪ್ಪತ್ತಮೂರು ವರ್ಷದಿಂದ ನಿಮ್ಮ ಜೊತೆ ನಕ್ಕೊಂಡು ಓಡಾಡ್ತಾ ಇದ್ದೋನು ನಾನೇ. ನನ್ನನ್ನ ಆಮೇಲೆ ಏನು ಬೇಕಾದ್ರೂ ಮಾಡಿ. ಈಗ ಇಳೀರಿ.”

ಎಲ್ಲೋ ಕುಕ್ಕರು ಕೂಗಿತು. ಆಮೇಲೆ ಮೇಲಿನ ಮಹಡಿಯಲ್ಲಿ ಯಾರೋ ಮಗುವಿನ ಹೆಸರು ಹಿಡಿದು ಚೀರಿದರು; ಅಲ್ಲಿಂದ ಮೆಟ್ಟಿಲ ಮೇಲೆ ಹೆಜ್ಜೆಗಳ ಮಳೆ ಸುರಿಯಿತು. ಬರಿಗಾಲಲ್ಲಿ, ತಲೆಗೆ ಟವೆಲು ಸುತ್ತಿಕೊಂಡು, ಕೈಯಲ್ಲಿ ಸೌಟು ಹಿಡಿದುಕೊಂಡೇ ಜನ ಇಳಿದರು. ಇಳಿಯುತ್ತಿದ್ದವರಲ್ಲಿ ಕೆಲವರು ಚಿಕ್ಕಪ್ಪನ ಮುಖ ನೋಡಿದರು, ಕೆಲವರು ನೋಡಲಿಲ್ಲ. ಚಿರತೆಯ ಮಾತಾಡಿದ ಹೆಂಗಸು ಮಾತ್ರ ಅವನ ಮುಂದೆ ನಿಂತು, ಅವನನ್ನು ದಿಟ್ಟಿಸಿ ಇಳಿದುಹೋದಳು.

ಅಗ್ನಿಶಾಮಕದವರು ಬಂದು ತಲೆ ಎಣಿಸಿದರು. ಮೂರನೇ ಮಹಡಿಯ ಗಡಿಯಾರ ರಿಪೇರಿ ತಾತ ಇರಲಿಲ್ಲ. ಕಿವಿ ಪೂರ್ತಿ ಕೇಳದು, ಒಳಗಿನಿಂದ ಚಿಲಕ ಹಾಕಿಕೊಂಡು ಕೆಲಸ ಮಾಡುವ ಅಭ್ಯಾಸ. ದಳದವರು ಹಗ್ಗ, ಏಣಿ ಎನ್ನುವಷ್ಟರಲ್ಲಿ ಚಿಕ್ಕಪ್ಪ ಮೆಟ್ಟಿಲೇರಿ ಕಾಣೆಯಾಗಿದ್ದ. ಪುಟ್ಟಿ ಹಿಂದೆ ಓಡಲು ಹೋದಾಗ ಅಪ್ಪ ಅವಳ ಭುಜ ಹಿಡಿದರು. ಮುದುಕನ ಹಿಡಿತ ಅಷ್ಟು ಬಿಗಿಯಿದ್ದೀತೆಂದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ಒಡೆಯುವ ಸದ್ದು ಕೇಳಿಸಿತು. ಆಮೇಲೆ ತುಂಬ ಹೊತ್ತು ಏನೂ ಕೇಳಿಸಲಿಲ್ಲ. ಕೊನೆಗೆ ತಾತನನ್ನು ಬೆನ್ನ ಮೇಲೆ ಹೊತ್ತು ಚಿಕ್ಕಪ್ಪ ಹೊರಬಂದ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದ ತಾತ, “ಯಾರಿಗೆ ಏನಾಗಿದೆ? ಯಾಕೆ ಎಲ್ಲಾ ಹೀಗೆ ನಿಂತಿದ್ದೀರಿ?” ಎಂದು ಕೇಳುತ್ತಲೇ ಇದ್ದ.

ಕಟ್ಟಡ ಬೀಳಲಿಲ್ಲ.

ಮಧ್ಯಾಹ್ನ ಮೂರಾಯಿತು, ನಾಲ್ಕಾಯಿತು, ತಂಗಿ ಬಟ್ಟೆ ಒಣಹಾಕಿಕೊಂಡು ಹಾಗೆಯೇ ನಿಂತಿತ್ತು. ಹತ್ತಿರ ಹೋಗಿ ಉಕ್ಕಿನ ಆಸರೆ ಕೊಡೋಣವೆಂದರೆ ಅಗ್ನಿಶಾಮಕದ ಅಧಿಕಾರಿ ಒಪ್ಪಲಿಲ್ಲ. ಒಳಗೆ ಒಬ್ಬರನ್ನೂ ಬಿಡುವುದಿಲ್ಲ ಎಂದ. ಜನರನ್ನು ಹತ್ತಿರದ ಶಾಲೆಯ ಸಭಾಂಗಣಕ್ಕೆ ಕಳಿಸಿದರು.

ಸಂಜೆ ಅಪ್ಪ ಮತ್ತು ಚಿಕ್ಕಪ್ಪ ಒಂದೇ ಕಾರಿನಲ್ಲಿ ಪೊಲೀಸ್ ಠಾಣೆಗೆ ಹೋದರು. ಪುಟ್ಟಿಯೇ ಓಡಿಸಿದಳು. ಅಪ್ಪ ಮುಂದೆ, ಚಿಕ್ಕಪ್ಪ ಹಿಂದೆ. ದಾರಿಯಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು.

“ಇನ್ನೆಲ್ಲಿ?”

“ಇನ್ನೆಲ್ಲೂ ಇಲ್ಲ ಅಣ್ಣಾ. ಪುಟ್ಟಿ ಮೇಲಾಣೆ.”

“ಅವಳ ಮೇಲೆ ಆಣೆ ಇಡಬೇಡ.”

ಸ್ವಲ್ಪ ಹೊತ್ತಿನ ಮೇಲೆ ಪುಟ್ಟಿಯೇ ಕನ್ನಡಿಯಲ್ಲಿ ನೋಡುತ್ತ ಕೇಳಿದಳು. “ಗೊತ್ತಿದ್ದೂ ಗೊತ್ತಿದ್ದೂ ನೀನು ಅಲ್ಲೇ ಹೇಗೆ ಇದ್ದೆ ಚಿಕ್ಕಪ್ಪಾ? ಅಮ್ಮ ಎಷ್ಟು ಸಲ ಮನೆಗೆ ಬಾ ಅಂದಿದ್ಲು.”

“ಅದಕ್ಕೇ ಇದ್ದೆ,” ಎಂದ. “ಆ ಸಾಲಿನ ಮೂರನೇ ಕಂಬ ನನ್ನ ಮಂಚದ ತಲೆದಿಂಬಿನ ಹತ್ರ. ಬಿದ್ರೆ ಮೊದಲು ನನ್ನ ಮೇಲೆ ಬೀಳಲಿ ಅಂತ. ಮೊದಲ ವರ್ಷ ಪ್ರತಿ ದಿನ ಹೇಳ್ತೀನಿ ಅಂದ್ಕೊಂಡೆ. ಒಂದು ಮಳೆಗಾಲ ಕಳೀತು, ಎರಡು ಕಳೀತು. ನಿಂತೇ ಇತ್ತಲ್ಲ ಪುಟ್ಟೀ. ಹತ್ತು ವರ್ಷ ಆದ್ಮೇಲೆ ನಾನು ಹಾಕದೆ ಇದ್ದದ್ದು ನಿಜಾನಾ ಅಂತ ನನಗೇ ಅನುಮಾನ ಬರೋಕೆ ಶುರುವಾಯ್ತು. ಅಕ್ಕನ್ನ ಕೆಡವೋ ಕೆಲಸ ಬೇಡ ಅಂತ ಅಣ್ಣಂಗೆ ಎರಡು ಸಲ ಹೇಳಿದೆ. ಯಾಕೆ ಅಂದ್ರು. ಬಾಯಿ ಬರಲಿಲ್ಲ.”

“ಯಂತ್ರ ಹತ್ತು ದಿನ ಪಕ್ಕದಲ್ಲೇ ನೆಲ ನಡುಗಿಸ್ತಿತ್ತು ಚಿಕ್ಕಪ್ಪಾ! ಹತ್ತು ದಿನ! ಬಿರುಕಿಗೆ ಅಂಜಿಕೊಂಡು ಟೈಲರಮ್ಮ ನನ್ನ ಹತ್ರ ಬಂದಿದ್ಲು. ನಾನು ಮಲಗಿ ಅಂದೆ ಅವಳಿಗೆ. ನನ್ನ ಬಾಯಿಂದ ಹೇಳಿಸಿದೆ ನೀನು.”

ಠಾಣೆಯಲ್ಲಿ ಅಪ್ಪ ತಮ್ಮನ ಹೇಳಿಕೆ ಮುಗಿಯುವ ತನಕ ಬೆಂಚಿನ ಮೇಲೆ ಕುಳಿತಿದ್ದು, ಮುಗಿದ ಮೇಲೆ ತಾವೂ ಒಂದು ಬರೆದುಕೊಟ್ಟರು: ಕೆಲಸ ನನ್ನ ಹೆಸರಿನದು, ಸಹಿ ನನ್ನದು, ಕಂಬಗಳನ್ನು ನೋಡದೆ ನೋಡಿದೆನೆಂದು ಬರೆದದ್ದೂ ನಾನೇ. ಹಾಸಿಗೆಯ ಮೇಲೆ ಮಲಗಿಯೇ ಆ ಸಹಿ ಹಾಕಿದ್ದರು. ಇದು ಪುಟ್ಟಿಗೆ ಆ ದಿನ ಬಿದ್ದ ಎರಡನೇ ಪೆಟ್ಟು. ಅಪ್ಪನ ರಸಮಟ್ಟದ ಗುಳ್ಳೆಯೂ ಒಂದು ಸಲ ಆಚೆ ಸರಿದಿತ್ತು.

ಚಿಕ್ಕಪ್ಪನನ್ನು ಠಾಣೆಯಲ್ಲೇ ಉಳಿಸಿಕೊಂಡು ಅಪ್ಪನನ್ನು ಮನೆಗೆ ಕಳಿಸಿದರು. ಮರುದಿನವೂ ತಂಗಿ ನಿಂತೇ ಇತ್ತು. ಜನರ ಭಯ ಇಳಿದು ಸಿಟ್ಟು ಏರಿತು. ಬೆಳಗಿನಿಂದಲೇ ಗೇಟಿನ ಮುಂದೆ ಗುಂಪು ಸೇರಿತು. ಔಷಧಿ ಒಳಗಿದೆ, ಮಕ್ಕಳ ಪುಸ್ತಕ ಒಳಗಿದೆ, ಬೆಕ್ಕು ಒಳಗಿದೆ. ಜಾಗ ಹೊಡೆಯಲು ಅಪ್ಪ ಮಗಳು ಹೂಡಿದ ಆಟ ಇದು ಎಂದು ಒಬ್ಬ ಕೂಗಿದ, ಹೌದೌದು ಎಂದು ಹತ್ತು ಜನ ಕೂಗಿದರು. ಅಪ್ಪ ಗೇಟಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಯಾರೋ ಎಸೆದ ಚಪ್ಪಲಿ ಅವರ ಎದೆಗೆ ತಾಗಿ ತೊಡೆಯ ಮೇಲೆ ಬಿತ್ತು. ಅವರು ಅದನ್ನು ನೆಲಕ್ಕೆ ಇಟ್ಟು, “ಹೊಡೀರಿ. ಒಳಗೆ ಮಾತ್ರ ಬಿಡಲ್ಲ,” ಎಂದರು.

ಟೈಲರಮ್ಮ ಪುಟ್ಟಿಯ ಹತ್ತಿರ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಪುಟ್ಟಿಗೆ ಹೆಚ್ಚು ಚುಚ್ಚಿತು. “ಸೋಮವಾರ ಶಾಲೆ ಶುರು. ಅರವತ್ತು ಮಕ್ಕಳ ಬಟ್ಟೆ ಒಳಗಿದೆ. ಐದು ನಿಮಿಷ ಸಾಕು ಕಣಮ್ಮಾ. ಕಿಟಕಿ ಪಕ್ಕದಲ್ಲೇ ಗಂಟು ಕಟ್ಟಿಟ್ಟಿದ್ದೀನಿ.”

ಐದೇ ನಿಮಿಷ. ಪುಟ್ಟಿ ಕಟ್ಟಡವನ್ನು ನೋಡಿದಳು. ಎಷ್ಟು ಗಟ್ಟಿಯಾಗಿ ಕಾಣುತ್ತಿತ್ತು ಅದು! ಹೋಗಿ ತಂದುಬಿಡಲೇ ಎಂದು ಅವಳ ಕಾಲು ಒಂದು ಹೆಜ್ಜೆ ಇಟ್ಟೂ ಬಿಟ್ಟಿತು. ಆಮೇಲೆ ಮುಷ್ಟಿಯೊಳಗೆ ಪುಡಿಯಾದ ಕಾಂಕ್ರೀಟು ನೆನಪಾಯಿತು.

“ಆಗಲ್ಲಮ್ಮಾ. ಬೈಯಿರಿ ನನ್ನ. ಆಗಲ್ಲ.”

ಮೂರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ, ಗಾಳಿಯಿಲ್ಲ ಮಳೆಯಿಲ್ಲ, ಯಾವ ಯಂತ್ರವೂ ಓಡುತ್ತಿಲ್ಲ, ತಂಗಿಯ ಹಿಂಬದಿ ಕುಳಿತುಕೊಂಡಿತು. ಬಿತ್ತು ಎನ್ನಲಾಗದು, ಕುಳಿತುಕೊಂಡಿತು. ದಣಿದ ಮನುಷ್ಯ ಗೋಡೆಗೊರಗಿ ಜಾರಿ ಕೂರುವ ಹಾಗೆ ಮೊದಲು ನೆಲಮಹಡಿ ಕಾಣೆಯಾಯಿತು, ಅದರ ಮೇಲೆ ಒಂದೊಂದಾಗಿ ಉಳಿದವು ಬಂದು ಕೂತವು. ಅಷ್ಟೂ ಆಗಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಹಿಡಿಯಲಿಲ್ಲ. ಧೂಳು ಬಂದು ಎಲ್ಲರನ್ನೂ ಮುಚ್ಚಿತು. ಧೂಳು ಇಳಿದಾಗ ಹಿಂಬದಿಯ ಇಪ್ಪತ್ತು ಮನೆಗಳಿದ್ದ ಕಡೆ ಆಕಾಶವಿತ್ತು. ಅರ್ಧ ಉಳಿದ ನಾಲ್ಕನೇ ಮಹಡಿಯ ಒಂದು ಅಡುಗೆಮನೆಯಲ್ಲಿ ಮೊಳೆಗೆ ತೂಗುಹಾಕಿದ ಬಾಣಲೆ ಇನ್ನೂ ಅಲ್ಲಾಡುತ್ತಿತ್ತು.

ಹಿಂದಿನ ದಿನ ಕೂಗಿದ್ದವನು ಫುಟ್‌ಪಾತಿನ ಮೇಲೆ ಕುಸಿದು ಕುಳಿತಿದ್ದ. ಟೈಲರಮ್ಮ ಪುಟ್ಟಿಯ ಕೈ ಹಿಡಿದಳು. ಎಷ್ಟು ಬಿಗಿಯಾಗಿ ಎಂದರೆ ಉಗುರು ನಾಟಿ ರಕ್ತ ಬಂತು. ಇಬ್ಬರಿಗೂ ಅದು ಗೊತ್ತಾದದ್ದು ಎಷ್ಟೋ ಹೊತ್ತಿನ ಮೇಲೆ.

ಅಪ್ಪ ಮಾತ್ರ ಕುರ್ಚಿಯಲ್ಲಿ ಹಾಗೇ ಇದ್ದರು. ಮೈತುಂಬ ಧೂಳು ಹೊತ್ತು, ರೆಪ್ಪೆ ಬಡಿಯದೆ, ಆಕಾಶ ಬಂದ ಜಾಗವನ್ನೇ ನೋಡುತ್ತಿದ್ದರು. ಪುಟ್ಟಿ ಮೂರು ಸಲ ಕರೆದ ಮೇಲೆ, “ಇಪ್ಪತ್ತು ಮನೆ,” ಎಂದರು. “ಪುಟ್ಟೀ, ಇಪ್ಪತ್ತು ಮನೆ.”

ಆಮೇಲಿನದು ಆಗಬೇಕಾದ ಹಾಗೆ ಆಯಿತು. ಪರವಾನಗಿ ರದ್ದಾಯಿತು. ಮೇಲ್ಸೇತುವೆಯ ಕೆಲಸ ಬೇರೆಯವರಿಗೆ ಹೋಯಿತು. ಅಪ್ಪ ಇದುವರೆಗೆ ಕಟ್ಟಿದ ಪ್ರತಿಯೊಂದು ಕಟ್ಟಡದ ಪಟ್ಟಿಯನ್ನು ತಾವಾಗಿಯೇ ಕೊಟ್ಟು, ಪರೀಕ್ಷೆ ಮಾಡಿಸಿ ಎಂದು ಕೈಮುಗಿದರು. ಹೊರಗಿನ ಇಂಜಿನಿಯರುಗಳು ಐದು ತಿಂಗಳು ಊರೂರು ಸುತ್ತಿದರು. ಚಿಕ್ಕಪ್ಪ ಆಣೆಯಿಟ್ಟು ಹೇಳಿದ್ದು ನಿಜವೇ ಆಗಿತ್ತು. ಬೇರೆಲ್ಲೂ ಏನೂ ಸಿಗಲಿಲ್ಲ. ಅದರಿಂದ ತಂಗಿಯ ನಲವತ್ತು ಕುಟುಂಬಗಳಿಗೆ ಏನೂ ಆಗಬೇಕಾಗಿರಲಿಲ್ಲ. ಕೋರ್ಟು ಚಿಕ್ಕಪ್ಪನಿಗೆ ಏಳು ವರ್ಷ ಕೊಟ್ಟಿತು. ಅಪ್ಪನಿಗೆ ವಯಸ್ಸು ನೋಡಿ ದಂಡ ಹಾಕಿ ಬಿಟ್ಟಿತು. ಮನೆಯಲ್ಲಿ ಚಿಕ್ಕಪ್ಪನ ಹೆಸರು ಎತ್ತುವವರಿರಲಿಲ್ಲ. ತಿಂಗಳಿಗೊಮ್ಮೆ ಪುಟ್ಟಿ ಒಬ್ಬಳೇ ಜೈಲಿಗೆ ಹೋಗಿ ಬರುತ್ತಿದ್ದಳು. ಎಲ್ಲಿಗೆ ಎಂದು ಅಪ್ಪ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಅವಳು ಹೊರಡುವಾಗ ಕಾರಿನ ಮುಂದಿನ ಸೀಟಿನಲ್ಲಿ ಅಪ್ಪ ಕುಳಿತಿದ್ದರು.

ಜಾಲರಿಯ ಆಚೆ ಬಂದ ಚಿಕ್ಕಪ್ಪ ಅಣ್ಣನನ್ನು ಕಂಡು ನಿಂತಲ್ಲೇ ನಿಂತ. ತೀರಾ ಸಣ್ಣಗಾಗಿದ್ದ. ಅಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಯಾರು ಮೊದಲು ಮಾತಾಡುತ್ತಾರೋ ಎಂದು ಪುಟ್ಟಿ ಗೋಡೆಗೊರಗಿ ಕಾದಳು.

“ಒಂದೇ ಒಂದು ಕೇಳಬೇಕು ನಿನ್ನ,” ಅಪ್ಪ ಅಂದರು. “ದಿನಾ ಊಟ ತರ್ತಿದ್ದೆ ಆಸ್ಪತ್ರೆಗೆ. ಒಂದು ದಿನ ನನಗೆ ಹೇಳಬಹುದಿತ್ತಲ್ಲೋ. ಕಂಬಿ ಬಂದಿಲ್ಲ ಅಣ್ಣಾ ಅಂತ. ಕೆಲಸ ಹೋದ್ರೆ ಹೋಗ್ತಿತ್ತು. ನಾನು ಬೈತಿದ್ನೇನೋ?”

ಚಿಕ್ಕಪ್ಪ ತಲೆ ತಗ್ಗಿಸಿದ. “ಹೇಳೋಕೆ ಬಂದಿದ್ದೆ.”

“ಯಾವಾಗ?”

“ಕಂಬಕ್ಕೆ ಕಾಂಕ್ರೀಟು ಹಾಕೋ ಹಿಂದಿನ ದಿನ. ಮೆಟ್ಟಿಲು ಹತ್ತಿ ಬರುವಾಗ್ಲೂ ಮಾತು ಜೋಡಿಸ್ಕೊಂಡೇ ಬಂದೆ. ಬಾಗಿಲಲ್ಲಿ ನೋಡಿದ್ರೆ ನೀನು ಎದ್ದು ನಿಂತಿದ್ದೆ. ಎರಡು ತಿಂಗಳಾದ್ಮೇಲೆ ಮೊದಲ ಸಲ. ನರ್ಸು, ಪಕ್ಕದ ಮಂಚದವರು, ಎಲ್ಲಾ ಚಪ್ಪಾಳೆ ಹೊಡೀತಿದ್ರು. ನನ್ನ ಕಂಡು, ‘ನೋಡೋ, ನಿಂತೆ’ ಅಂದೆ ನೀನು.” ಅವನು ಕಣ್ಣೊರೆಸಿಕೊಂಡ. “ನಾನೂ ಚಪ್ಪಾಳೆ ಹೊಡೆದು ಹೋದೆ ಅಣ್ಣಾ.”

ಅಪ್ಪನ ಮುಖ ಪುಟ್ಟಿಗೆ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ. ಆ ಬೆನ್ನು ಬಾಗಿತು. ಕಾವಲಿನವನು ಬಂದು ಹೊತ್ತಾಯಿತು ಎಂದ.

ಅಪ್ಪ ಕೋಲೂರಿ ಎದ್ದರು. ಜಾಲರಿಯ ಮೇಲೆ ಒಂದು ಕ್ಷಣ ಕೈಯಿಟ್ಟರು, ತಮ್ಮನ ಬೆರಳು ಆಚೆಯಿಂದ ಬಂದು ತಾಗುವ ತನಕ. “ಬಿಸಿನೀರು ಕೊಡ್ತಾರೇನೋ ಇಲ್ಲಿ?” ಎಂದು ಕೇಳಿದರು. ಚಿಕ್ಕಪ್ಪ ಇಲ್ಲವೆಂದು ತಲೆಯಾಡಿಸಿದ.

ಹೊರಗಿನ ಮೇಜಿನ ಬಳಿ ಅಪ್ಪ ನಿಂತು, ಕನ್ನಡಕ ಏರಿಸಿಕೊಂಡು, ಮುಂದಿನ ಭೇಟಿ ಯಾವ ಭಾನುವಾರ ಎಂದು ವಿಚಾರಿಸಿದರು. ಆ ದಿನದ ಎದುರಿಗೆ ತಮ್ಮ ಹೆಸರನ್ನೂ ಬರೆಸಿದರು.